ಹನ್ನೆರಡು ಹೇಂಟೆ, ಒಂದು ಹಿತ್ತಲು

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗಿ ಬಂದ ಮಕ್ಕಳಲ್ಲಿ ಕೆಲವರಿಗೆ ಒಂದು ಆಸೆ ಹತ್ತಿಕೊಳ್ಳುತ್ತದೆ. ನಮಗೂ ಒಂದು ಹಿತ್ತಲಿರಬೇಕು. ಅಲ್ಲಿ ಸೊಪ್ಪು, ಬದನೆ, ಹೀರೆಬಳ್ಳಿ ಬೆಳೆಯಬೇಕು. ಕೋಳಿಗಳು ಓಡಾಡಬೇಕು. ಅಂಗಡಿಗೆ ಹೋಗುವ ಗೋಜೇ ಇರಬಾರದು! ಆಫೀಸಿಗೆ ಹೋಗುವ ಅಪ್ಪ ಅಮ್ಮಂದಿರಲ್ಲೂ ಎಷ್ಟೋ ಜನ ಈ ಆಸೆಯನ್ನು ಮನಸ್ಸಲ್ಲೇ ಇಟ್ಟುಕೊಂಡಿರುತ್ತಾರೆ. ನನಗೆ ಈ ಆಸೆ ಬಹಳ ಇಷ್ಟ. ಇಷ್ಟವಾದ್ದರಿಂದಲೇ ಅದನ್ನು ಲೆಕ್ಕ ಹಾಕಿ ನೋಡಬೇಕು ಅನಿಸುತ್ತದೆ. ಕೋಳಿ ಏನು ತಿನ್ನುತ್ತದೆ? ತಿಂದದ್ದು ಮೊಟ್ಟೆ ಆಗುವುದು ಹೇಗೆ? ಒಂದು ಹಿತ್ತಲು ಎಷ್ಟು ಕೋಳಿಗಳ ಹೊಟ್ಟೆ ತುಂಬಿಸಬಲ್ಲದು? ಬನ್ನಿ, ನೋಡೋಣ.

ಕೋಳಿ ಮೊದಲು ಕಾಡಿನ ಹಕ್ಕಿ. ಆಗ್ನೇಯ ಏಷ್ಯಾದ ಕಾಡುಗಳ ಕೆಂಪು ಕಾಡುಕೋಳಿಯೇ ಅದರ ಮೂಲ. ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ಸುಮಾರು 3,500 ವರ್ಷ ಹಳೆಯ ಕೋಳಿ ಮೂಳೆಗಳು ಸಿಕ್ಕಿವೆ. ಅಲ್ಲಿನ ಜನ ಭತ್ತ, ನವಣೆಯಂಥ ಬೆಳೆ ಬೆಳೆಯತೊಡಗಿದಾಗ ಉದುರಿದ ಕಾಳಿನ ಆಸೆಗೆ ಈ ಹಕ್ಕಿಗಳು ಕಾಡು ಬಿಟ್ಟು ಹೊಲದಂಚಿಗೆ ಬಂದು, ಬರುಬರುತ್ತಾ ಊರಲ್ಲೇ ಉಳಿದವು ಎಂದು 2022ರಲ್ಲಿ ವಿಜ್ಞಾನಿಗಳು ವಿವರಿಸಿದರು. ಅಂದರೆ ಮನುಷ್ಯನಿಗೆ ಬೇಡವಾಗಿ ಬಿದ್ದ ಕಾಳೇ ನಮ್ಮಿಬ್ಬರನ್ನೂ ಹತ್ತಿರ ತಂದದ್ದು. ಈ ಮಾತು ನೆನಪಿರಲಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಕೋಳಿಯ ವಂಶದಲ್ಲಿ ನಮ್ಮ ಕಾಡಿನ ಪಾಲೂ ಇದೆ. ಬಂಡೀಪುರ, ನಾಗರಹೊಳೆಯ ರಸ್ತೆಯಂಚಿನಲ್ಲಿ ಪೊದೆಯೊಳಗೆ ಸರಕ್ಕನೆ ನುಗ್ಗುವ ಬೂದು ಕಾಡುಕೋಳಿಯನ್ನು ನೀವು ಕಂಡಿರಬಹುದು. ಅದು ದಕ್ಷಿಣ ಮತ್ತು ಪಶ್ಚಿಮ ಭಾರತಕ್ಕೆ ಸೇರಿದ ಹಕ್ಕಿ. ಸಾಕುಕೋಳಿಯ ಹಳದಿ ಕಾಲಿಗೆ ಕಾರಣವಾದ ಜೀನು ಬಂದದ್ದು ಈ ಬೂದು ಕಾಡುಕೋಳಿಯ ಕಡೆಯಿಂದ ಎಂದು 2008ರಲ್ಲಿ ಗೊತ್ತಾಯಿತು. ಹಳದಿ ಬಣ್ಣ ಸೊಪ್ಪು, ಮೆಕ್ಕೆಜೋಳಗಳಿಂದ ಬರುತ್ತದೆ. ಎಲ್ಲ ಕೋಳಿಗಳೂ ಅದನ್ನು ತಿನ್ನುತ್ತವೆ, ಆದರೆ ಕೆಂಪು ಕಾಡುಕೋಳಿಯ ಚರ್ಮದಲ್ಲಿ ಆ ಬಣ್ಣ ಒಡೆದುಹೋಗುತ್ತದೆ. ಈ ಜೀನು ಇರುವ ಕೋಳಿಯಲ್ಲಿ ಅದು ಒಡೆಯದೆ ಚರ್ಮದಲ್ಲೇ ನಿಲ್ಲುತ್ತದೆ. ಹಳದಿ ಕಾಲಿನ ಹೇಂಟೆಯೊಂದು ತಿಂಗಳುಗಟ್ಟಲೆ ಮೊಟ್ಟೆ ಇಟ್ಟಿತು ಅನ್ನಿ. ಆಗ ಹೊಟ್ಟೆಗೆ ಹೋದ ಹಳದಿಯೆಲ್ಲ ಮೊಟ್ಟೆಯ ಭಂಡಾರಕ್ಕೆ ಸೇರಿ, ಕಾಲು ಬಿಳಿಚಿಕೊಳ್ಳುತ್ತದೆ. ಮೊಟ್ಟೆ ನಿಂತ ಮೇಲೆ ಮತ್ತೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಕೋಳಿ ಸಾಕುವವರು ಕಾಲು ನೋಡಿಯೇ ಯಾವ ಹೇಂಟೆ ಇಡುತ್ತಿದೆ, ಯಾವುದು ಸುಮ್ಮನಿದೆ ಎಂದು ಹೇಳಿಬಿಡುತ್ತಾರೆ.

ಈಗ ಊಟದ ವಿಷಯ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಕೋಳಿ ಮೊದಲು ಓಡುವುದು ತಿಪ್ಪೆಗೆ. ಎರಡು ಸಲ ಕಾಲಿಂದ ಕೆದರುತ್ತದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ, ಆಮೇಲೆ ಟಕ್ಕನೆ ಕುಟುಕುತ್ತದೆ. ಗೊಬ್ಬರದ ಹುಳು, ಎರೆಹುಳು, ಗೆದ್ದಲು, ಕಳೆಬೀಜ, ಗರಿಕೆಯ ಚಿಗುರು, ಪಾತ್ರೆ ತೊಳೆದ ಜಾಗದಲ್ಲಿ ಬಿದ್ದ ಅನ್ನದ ಅಗುಳು, ಯಾವುದನ್ನೂ ಅದು ಬಿಡುವುದಿಲ್ಲ. ಇದರಲ್ಲಿ ಒಂದನ್ನಾದರೂ ನಾವು ತಿನ್ನುತ್ತೇವೆಯೇ? ನಮಗೆ ಬೇಡವಾದದ್ದನ್ನು ಒಟ್ಟುಮಾಡಿ ನಮಗೆ ಬೇಕಾದದ್ದನ್ನಾಗಿ ಮಾಡಿಕೊಡುವುದೇ ಹಿತ್ತಲ ಕೋಳಿಯ ದೊಡ್ಡ ವಿದ್ಯೆ.

ಕೋಳಿಗೆ ಹಲ್ಲಿಲ್ಲ. ನುಂಗಿದ್ದೆಲ್ಲ ಮೊದಲು ಕತ್ತಿನ ಬುಡದಲ್ಲಿರುವ ಒಂದು ಚೀಲಕ್ಕೆ ಹೋಗುತ್ತದೆ. ಸಂಜೆ ಕೋಳಿಗಳು ಗೂಡು ಸೇರುವ ಹೊತ್ತಿಗೆ ಒಂದನ್ನು ಮೆಲ್ಲಗೆ ಎತ್ತಿಕೊಂಡು ಎದೆಯ ಮೇಲ್ಭಾಗವನ್ನು ಬೆರಳಿಂದ ಮುಟ್ಟಿ ನೋಡಿ. ಗರಿಗಳ ಅಡಿಯಲ್ಲಿ ಒಂದು ಗಂಟು ಸಿಗುತ್ತದೆ. ರಾಗಿ ತಿಂದಿದ್ದರೆ ಸಣ್ಣಗೆ ಮರಳು ಮರಳಾಗಿ, ಜೋಳ ತಿಂದಿದ್ದರೆ ಕಾಳು ಕಾಳಾಗಿ ಬೆರಳಿಗೆ ತಿಳಿಯುತ್ತದೆ. ಚೀಲ ತುಂಬಿದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ. ಖಾಲಿ ಇದ್ದರೆ ಅವತ್ತು ಹಿತ್ತಲಲ್ಲಿ ಅದಕ್ಕೆ ಸಾಕಷ್ಟು ಸಿಕ್ಕಿಲ್ಲ, ಇಲ್ಲವೇ ಕೋಳಿಗೆ ಹುಷಾರಿಲ್ಲ. ಮುಟ್ಟಿ ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ. ಆರೋಗ್ಯವಾಗಿರುವ ಕೋಳಿಯ ಮೈಮೇಲೂ ನಮ್ಮ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಇರಬಹುದು.

ಈ ಚೀಲದಿಂದ ಕಾಳು ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ಜೀರ್ಣರಸದಲ್ಲಿ ನೆನೆದು, ದಪ್ಪ ಸ್ನಾಯುಗಳ ಇನ್ನೊಂದು ಹೊಟ್ಟೆಗೆ ಬರುತ್ತದೆ. ಅದರೊಳಗೆ ಕೋಳಿ ನುಂಗಿದ ಸಣ್ಣ ಕಲ್ಲುಗಳಿರುತ್ತವೆ. ಅಜ್ಜಿಯ ಬೀಸುಕಲ್ಲಿನ ಹಾಗೆ ಅವು ಕಾಳನ್ನು ಅರೆಯುತ್ತವೆ. ಕೋಳಿ ಕಲ್ಲು ತಿನ್ನುವುದನ್ನು ಕಂಡು ಇನ್ನು ಮೇಲೆ ಓಡಿಸಬೇಡಿ.

ಕೋಳಿಯ ಮೇವಿನ ಬಗ್ಗೆ ಹೇಳುವಾಗ ಒಂದು ಕಥೆಯನ್ನು ಬಿಡಲಾರೆ. 1890ರ ಸುಮಾರಿಗೆ ಇಂದಿನ ಜಕಾರ್ತದಲ್ಲಿ, ಆಗಿನ ಹೆಸರು ಬಟಾವಿಯಾ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ಎಂಬ ಕಾಯಿಲೆಯ ಕಾರಣ ಹುಡುಕುತ್ತಿದ್ದ. ಬೆರಿಬೆರಿ ಬಂದವರ ಕಾಲಿನ ಶಕ್ತಿ ಉಡುಗಿಹೋಗುತ್ತಿತ್ತು. ಅವನ ಪ್ರಯೋಗಶಾಲೆಯ ಕೋಳಿಗಳೂ ಒಮ್ಮೆ ಹಾಗೆಯೇ ಕಾಲು ಸೋತು ತೂರಾಡತೊಡಗಿದವು. ಕೆಲವು ತಿಂಗಳಲ್ಲಿ ತಾವಾಗಿಯೇ ಸರಿಹೋದವು. ಏನು ಬದಲಾಯಿತು ಎಂದು ವಿಚಾರಿಸಿದಾಗ ವಿಷಯ ಹೊರಬಿತ್ತು. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಅದನ್ನು ಕೊಡಲು ಒಪ್ಪಲಿಲ್ಲ, ಕೋಳಿಗಳಿಗೆ ಪಾಲಿಷ್ ಮಾಡದ ಅಕ್ಕಿ ಸಿಗತೊಡಗಿತು, ಕಾಲು ಗಟ್ಟಿಯಾಯಿತು! ಬಿಳಿ ಅನ್ನದಲ್ಲಿ ಏನೋ ವಿಷವಿದೆ ಎಂದು ಐಕ್‌ಮನ್ ಮೊದಲು ಭಾವಿಸಿದ್ದ. ಅವನ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್, ವಿಷವಲ್ಲ, ತೌಡಿನ ಜೊತೆ ಬೇಕಾದದ್ದೇನೋ ಹೊರಟುಹೋಗಿದೆ ಎಂದು 1901ರಲ್ಲಿ ತಿಳಿಸಿದ. ಆ 'ಏನೋ' ಇಂದು ನಾವು ಬಿ1 ಎನ್ನುವ ವಿಟಮಿನ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಕ್ಕಿ ಗಿರಣಿಯಿಂದ ತೌಡು ತಂದು ನೀರಲ್ಲಿ ಕಲಸಿ ಕೋಳಿಗೆ ಇಡುವ ಮನೆಗಳಲ್ಲಿ ಆ ವಿಟಮಿನ್ನನ್ನು ಕೋಳಿಗಳು ದಿನವೂ ಪಡೆಯುತ್ತಿವೆ.

ಇನ್ನು ಮೊಟ್ಟೆ. ಹೇಂಟೆಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಮೊದಲು ಹಳದಿ ಭಂಡಾರ ಕಳಚಿಕೊಳ್ಳುತ್ತದೆ. ಮೊಟ್ಟೆನಾಳದಲ್ಲಿ ಇಳಿಯುತ್ತಾ ಮೂರು ಗಂಟೆಯಲ್ಲಿ ಲೋಳೆ ಸುತ್ತಿಕೊಳ್ಳುತ್ತದೆ, ಆಮೇಲೆ ತೆಳು ಪೊರೆ. ಮಿಕ್ಕ ಇಪ್ಪತ್ತು ಗಂಟೆಯೂ ಚಿಪ್ಪಿನ ಕೆಲಸಕ್ಕೇ. ಆಗ ತಾನೇ ಇಟ್ಟ ಮೊಟ್ಟೆಯನ್ನು ಕೈಗೆ ತೆಗೆದುಕೊಂಡರೆ ಬೆಚ್ಚಗೆ, ತೇವವಾಗಿ ಹೊಳೆಯುತ್ತಿರುತ್ತದೆ. ನೋಡುತ್ತಿದ್ದಂತೆಯೇ ತೇವ ಆರಿ ಮೈ ಮಂಕಾಗುತ್ತದೆ. ಆ ಒಣಗಿದ ತೆಳು ಲೇಪವೇ ಮೊಟ್ಟೆಯ ಕಾವಲು. ಚಿಪ್ಪಿನ ಮೇಲೆ ಸಾವಿರಾರು ಸಣ್ಣ ರಂಧ್ರಗಳಿವೆ, ಒಳಗಿನ ಮರಿ ಉಸಿರಾಡುವುದು ಅವುಗಳಿಂದಲೇ. ಗಾಳಿ ಹೋಗುವ ದಾರಿಯಲ್ಲಿ ಸೂಕ್ಷ್ಮಜೀವಿ ನುಗ್ಗದಂತೆ ಈ ಲೇಪ ತಡೆಯುತ್ತದೆ. ಎತ್ತಿಡುವ ಮೊಟ್ಟೆಯನ್ನು ತೊಳೆಯಬಾರದು ಎನ್ನುವುದು ಇದಕ್ಕೇ.

ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಸುಣ್ಣದ ಕಲ್ಲಿನಲ್ಲಿರುವುದೂ ಅದೇ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪಿನ ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದೆ ಮಲಗಿರುವಾಗ. ಹಾಗಾದರೆ ಕ್ಯಾಲ್ಸಿಯಂ ಎಲ್ಲಿಂದ? ಹೇಂಟೆ ತನ್ನ ಮೂಳೆಯೊಳಗೇ ಅದನ್ನು ಕೂಡಿಟ್ಟಿರುತ್ತದೆ. ಮೊಟ್ಟೆ ಇಡುವ ವಯಸ್ಸಿಗೆ ಬಂದಾಗ ಕಾಲಿನ ಮೂಳೆಗಳ ಟೊಳ್ಳಿನಲ್ಲಿ ಒಂದು ವಿಶೇಷ ಮೂಳೆ ಬೆಳೆಯುತ್ತದೆ. ರಾತ್ರಿ ಅದು ಕರಗಿ ಚಿಪ್ಪಾಗುತ್ತದೆ, ಹಗಲು ತಿಂದದ್ದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಅಡುಗೆಮನೆಯ ಖಾಲಿ ಚಿಪ್ಪನ್ನು ಒಣಗಿಸಿ, ಹುರಿದು, ಪುಡಿ ಮಾಡಿ ಮೇವಿಗೆ ಬೆರೆಸಿದರೆ ಆ ಸುಣ್ಣ ಮತ್ತೆ ಕೋಳಿಗೇ ಸೇರುತ್ತದೆ. ಕರಾವಳಿಯಲ್ಲಿ ಕಪ್ಪೆಚಿಪ್ಪಿನ ಪುಡಿ ಸಿಗುತ್ತದೆ, ಅದೂ ಆದೀತು. ನೀವೊಂದು ಕೆಲಸ ಮಾಡಿ. ಒಂದು ಹಸಿ ಮೊಟ್ಟೆಯನ್ನು ಲೋಟದಲ್ಲಿಟ್ಟು ಮುಳುಗುವಷ್ಟು ವಿನೆಗರ್ ಹಾಕಿ. ಮೈತುಂಬ ಗುಳ್ಳೆ ಏಳುತ್ತವೆ, ಅದು ಸುಣ್ಣ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್. ಒಂದೆರಡು ದಿನದಲ್ಲಿ ಚಿಪ್ಪೆಲ್ಲ ಮಾಯವಾಗಿ, ಪೊರೆಯೊಳಗೆ ಹಳದಿ ತೇಲಾಡುವ ಮೆತ್ತನೆಯ ಮೊಟ್ಟೆ ಉಳಿಯುತ್ತದೆ.

ಒಂದು ಮೊಟ್ಟೆ ಇಟ್ಟ ಅರ್ಧ ಗಂಟೆಗೆಲ್ಲ ಮುಂದಿನ ಭಂಡಾರ ಕಳಚುತ್ತದೆ. ದಿನಕ್ಕೆ 24 ಗಂಟೆ, ಮೊಟ್ಟೆಗೆ 25 ಗಂಟೆ. ಹಾಗಾಗಿ ಇವತ್ತು ಎಂಟಕ್ಕೆ ಇಟ್ಟ ಹೇಂಟೆ ನಾಳೆ ಒಂಬತ್ತರ ಮೇಲೆ ಇಡುತ್ತದೆ, ನಾಡಿದ್ದು ಇನ್ನೂ ತಡ. ಮಧ್ಯಾಹ್ನ ಮೀರಿತು ಅಂದರೆ ಒಂದು ದಿನ ರಜೆ ಹಾಕಿ, ಮತ್ತೆ ಬೆಳಗಿನಿಂದ ಶುರು ಮಾಡುತ್ತದೆ. ಒಂದೇ ಹೇಂಟೆಯನ್ನು ಗುರುತಿಟ್ಟು ನೋಟ್‌ಬುಕ್ಕಿನಲ್ಲಿ ವೇಳೆ ಬರೆಯುತ್ತಾ ಹೋದರೆ ಇದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಜೊತೆಗೆ ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ. ಹುಂಜವಿದ್ದು, ಹತ್ತು ಹನ್ನೆರಡು ಮೊಟ್ಟೆ ಕೂಡಿದ ಮೇಲೆ, ನಾಟಿ ಹೇಂಟೆಗೆ ಕಾವಿಗೆ ಕೂರುವ ಮನಸ್ಸಾಗುತ್ತದೆ. ಮುಟ್ಟಲು ಹೋದರೆ ಗರಿಗೆದರಿ ಗುರ್ರೆನ್ನುತ್ತದೆ. ಮೊದಲ ಮೊಟ್ಟೆಗೂ ಕೊನೆಯದಕ್ಕೂ ಎರಡು ವಾರದ ಅಂತರವಿದ್ದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ಕಾವು ತಾಕುವವರೆಗೆ ಒಳಗಿನ ಮರಿ ಬೆಳೆಯುವುದನ್ನು ನಿಲ್ಲಿಸಿ ಕಾದಿರುತ್ತದೆ. ಕಾವು ಅಂದರೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್, 21 ದಿನ. ಏಳನೇ ದಿನದ ರಾತ್ರಿ ದೊಡ್ಡವರ ಜೊತೆ ಹೋಗಿ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿ. ಒಂದು ಕಪ್ಪು ಚುಕ್ಕಿ, ಅದರಿಂದ ಸುತ್ತಲೂ ಹರಡಿದ ಕೆಂಪು ಎಳೆಗಳು. ಚುಕ್ಕಿ ಮಿಸುಕಾಡುವುದೂ ಉಂಟು. ನೋಡಿದ ಕೂಡಲೇ ಮೊಟ್ಟೆಯನ್ನು ತಾಯಿಯ ಅಡಿಗೆ ಸೇರಿಸಿಬಿಡಿ.

ಕೋಳಿಗಳನ್ನು ಸುಮ್ಮನೆ ನೋಡುತ್ತಾ ಕೂತೇ ದೊಡ್ಡ ಸಂಗತಿ ಕಂಡುಹಿಡಿದವರಿದ್ದಾರೆ. ನಾರ್ವೆ ದೇಶದ ಥೊರ್ಲೀಫ್ ಶೆಲ್ಡರುಪ್ ಎಬ್ಬೆ ಚಿಕ್ಕಂದಿನಿಂದಲೂ ಕೋಳಿಗಳ ಬಗ್ಗೆ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮೇವು ಹಾಕಿದಾಗ ಯಾರು ಯಾರನ್ನು ಕುಟುಕುತ್ತಾರೆ? ಒಂದು ಹೇಂಟೆ ಎಲ್ಲರನ್ನೂ ಕುಟುಕುತ್ತದೆ, ಅದನ್ನು ಯಾರೂ ಕುಟುಕುವುದಿಲ್ಲ. ಎರಡನೆಯದು ಮೊದಲನೆಯದನ್ನು ಬಿಟ್ಟು ಮಿಕ್ಕವರನ್ನೆಲ್ಲ. ಹೀಗೆ ಕೊನೆಯ ಪಾಪದ ಹೇಂಟೆಯವರೆಗೆ. ಕೋಳಿಗಳಲ್ಲಿ ಸಾಲು ಉಂಟು, ಸಾಲು ಗೊತ್ತಾದ ಮೇಲೆ ಜಗಳ ಕಡಿಮೆಯಾಗುತ್ತದೆ ಎಂದು ಅವನು 1922ರಲ್ಲಿ ಪ್ರಕಟಿಸಿದ. ಪ್ರಾಣಿಗಳ ಸಮಾಜ ಹೇಗಿರುತ್ತದೆ ಎಂಬ ಅಧ್ಯಯನಕ್ಕೆ ಅದೊಂದು ಅಡಿಪಾಯವಾಯಿತು. ಹಿತ್ತಲಲ್ಲಿ ಮೇವಿನ ಪಾತ್ರೆ ಒಂದೇ ಇಟ್ಟರೆ ಕೊನೆಯ ಹೇಂಟೆ ಉಪವಾಸ ಬೀಳುತ್ತದೆ, ಎರಡು ಮೂರು ಕಡೆ ಇಡಬೇಕು.

ತನ್ನ ಹುಂಜ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಯ ಕಥೆ ನಿಮಗೆ ಗೊತ್ತಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಹಗಲು ರಾತ್ರಿಯ ವ್ಯತ್ಯಾಸ ತಿಳಿಯದ ಮಂದ ಬೆಳಕಿನಲ್ಲಿಟ್ಟು ನೋಡಿದರು. ಬೆಳಗಿನ ಸೂಚನೆಯೇ ಇಲ್ಲದಿದ್ದರೂ ಅವು ಹೊತ್ತಿಗೆ ಸರಿಯಾಗಿ ಕೂಗಿದವು. ಮೈಯೊಳಗೇ ಗಡಿಯಾರವಿದೆ ಎಂದು 2013ರಲ್ಲಿ ತಿಳಿಸಿದರು. ಎರಡು ವರ್ಷದ ಮೇಲೆ ಇನ್ನೊಂದು ಸಂಗತಿ ಹೇಳಿದರು. ಮೊದಲು ಕೂಗುವುದು ಸಾಲಿನಲ್ಲಿ ಮೇಲಿರುವ ಹುಂಜ, ಮಿಕ್ಕವು ಅದರ ಹಿಂದೆ ಸರದಿಯಂತೆ!

ಸರಿ, ಈಗ ನೋಟ್‌ಬುಕ್, ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ಜನರ ಮನೆ. ಒಬ್ಬೊಬ್ಬರಿಗೆ ದಿನ ಬಿಟ್ಟು ದಿನ ಒಂದು ಮೊಟ್ಟೆ ಎಂದರೆ ದಿನಕ್ಕೆ ಎರಡು, ವರ್ಷಕ್ಕೆ 730. ನಾಟಿ ಹೇಂಟೆ ವರ್ಷಕ್ಕೆ ಸುಮಾರು 60 ಇಡುತ್ತದೆ. ಕಾವಿಗೆ ಕೂತು ಮರಿ ಸಾಕುವಾಗ ಅದು ಮೊಟ್ಟೆ ಇಡುವುದಿಲ್ಲವಾದ್ದರಿಂದ ಇಷ್ಟೇ. ಹನ್ನೆರಡು ಹೇಂಟೆ ಬೇಕಾಯಿತು. ಒಂದಕ್ಕೆ ದಿನಕ್ಕೆ ನೂರು ಗ್ರಾಂ ಮೇವು ಎಂದಿಟ್ಟುಕೊಳ್ಳಿ. ಹನ್ನೆರಡಕ್ಕೆ 1.2 ಕಿಲೋ, ವರ್ಷಕ್ಕೆ 438 ಕಿಲೋ. ಅರ್ಧದಷ್ಟನ್ನು ಅವೇ ಕೆದಕಿ ಹುಡುಕಿಕೊಂಡರೂ ಇನ್ನರ್ಧ, ಅಂದರೆ 219 ಕಿಲೋ ಕಾಳು ನಾವು ಕೊಡಬೇಕು. ಮಳೆ ನಂಬಿದ ಒಂದು ಎಕರೆಯಲ್ಲಿ ಐದಾರು ಕ್ವಿಂಟಲ್ ರಾಗಿ ಬಂದರೆ, ಕೋಳಿಗಳಿಗೆಂದೇ ಸುಮಾರು ಹದಿನಾರು ಗುಂಟೆ ನೆಲ ಬಿಡಬೇಕು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟು ಒಂದು ಗುಂಟೆಗಿಂತ ತುಸು ದೊಡ್ಡದು, ಅಷ್ಟೇ.

ಬೇಸರ ಮಾಡಿಕೊಳ್ಳಬೇಡಿ, ಲೆಕ್ಕವನ್ನು ತಿರುಗಿಸಿ ನೋಡೋಣ. ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ, ಎರಡು ಮೂರು ಸಾಕಿದರೆ ನಮ್ಮ ಮನೆಗೆ ಸಾಕು. ಮೇವೂ ಒಟ್ಟಿನಲ್ಲಿ ನೂರು ಕಿಲೋ ಆಸುಪಾಸು. ಆದರೆ ಅಷ್ಟು ಮೊಟ್ಟೆ ಬರಬೇಕಾದರೆ ಮೆಕ್ಕೆಜೋಳ, ಸೋಯಾ ಹದವಾಗಿ ಬೆರೆಸಿದ ಮೇವನ್ನು ಅಂಗಡಿಯಿಂದಲೇ ತರಬೇಕು. ಕಾವಿಗೆ ಕೂರುವ ಗುಣವೂ ಅದರಲ್ಲಿ ಹೆಚ್ಚುಕಡಿಮೆ ಅಳಿದಿದೆ, ಮರಿಯನ್ನೂ ಕೊಂಡೇ ತರಬೇಕು. ಎರಡರ ನಡುವೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳಿವೆ. ಹಿತ್ತಲಲ್ಲಿ ಮೇಯುತ್ತವೆ, ನಾಟಿಗಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತವೆ. ನನ್ನನ್ನು ಕೇಳಿದರೆ, ಮನೆಯಲ್ಲಿ ದನದ ಕೊಟ್ಟಿಗೆ, ತಿಪ್ಪೆ, ಕಣ ಇದ್ದವರಿಗೆ ನಾಟಿಯೇ ಸರಿ, ಏಕೆಂದರೆ ಅವರ ಹಿತ್ತಲೇ ಅರ್ಧ ಊಟ ಹಾಕುತ್ತದೆ. ತಿಪ್ಪೆಯಿಲ್ಲದ ಹಿತ್ತಲಿಗೆ ಹನ್ನೆರಡು ಹೆಚ್ಚಾಯಿತು, ಮೂರು ನಾಲ್ಕೇ ಸಾಕು.

ಹಿತ್ತಲಿನ ಪಾಲನ್ನು ಹೆಚ್ಚಿಸುವ ಉಪಾಯಗಳೂ ಇವೆ. ಒಂದು ಮಡಕೆಗೆ ಹುಲ್ಲು, ಒಣ ಸಗಣಿ, ಹರಿದ ಗೋಣಿಚೀಲ ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕುತ್ತಾರೆ. ಬೆಳಿಗ್ಗೆ ಎತ್ತಿದರೆ ತುಂಬ ಗೆದ್ದಲು, ಹೂಮರಿಗಳಿಗೆ ಅದಕ್ಕಿಂತ ಒಳ್ಳೆಯ ಪ್ರೋಟೀನ್ ಇಲ್ಲ. ತೊಟ್ಟಿಯಲ್ಲಿ ಅಜೋಲಾ ಬೆಳೆದು ಹಾಕುವವರಿದ್ದಾರೆ. ಆ ಪುಟ್ಟ ಜರಿಗಿಡದ ಎಲೆಯೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಕೋಳಿಯ ಹಿಕ್ಕೆಯ ಮೇಲಿನ ಬಿಳಿ ಭಾಗದಲ್ಲೂ ಸಾರಜನಕವಿದೆ. ಹಕ್ಕಿಗಳು ಮೂತ್ರವನ್ನು ಬೇರೆಯಾಗಿ ಹೊಯ್ಯದೆ ಹೀಗೆ ಬಿಳಿ ಮುದ್ದೆಯಾಗಿ ಹೊರಹಾಕುತ್ತವೆ. ಹಸಿ ಹಿಕ್ಕೆ ಹಾಕಿದರೆ ಬದನೆ ಗಿಡದ ಬೇರು ಸುಟ್ಟೀತು. ತರಗೆಲೆಯ ಜೊತೆ ಕೆಲವು ತಿಂಗಳು ಕೊಳೆಸಿ ಹಾಕಿದರೆ ಅದೇ ಬದನೆ ಕಡುಹಸಿರಾಗಿ ಎದ್ದು ನಿಲ್ಲುತ್ತದೆ.

ಇನ್ನೊಂದು ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. ಕಾವಿನಿಂದ ಎದ್ದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳು. ಹನ್ನೆರಡು ಹೇಂಟೆಗೆ ಒಂದು ಹುಂಜ ಸಾಕು, ಜಾಸ್ತಿಯಾದರೆ ರಕ್ತ ಬರುವಂತೆ ಕಾದಾಡುತ್ತವೆ. ಮಿಕ್ಕವನ್ನು ಸಂತೆಗೆ ಒಯ್ಯುತ್ತಾರೆ ಅಥವಾ ಮನೆಯಲ್ಲೇ ಸಾರು ಮಾಡುತ್ತಾರೆ. ಹೆಸರಿಟ್ಟು ಕೈತುತ್ತು ತಿನ್ನಿಸಿದ ಮಕ್ಕಳಿಗೆ ಅವತ್ತು ಅನ್ನ ಇಳಿಯುವುದಿಲ್ಲ. ಹುಂಜವೇ ಬೇಡ, ಮೊಟ್ಟೆ ಮಾತ್ರ ಸಾಕು ಎಂದು ಬೆಳೆದ ಹೇಂಟೆಗಳನ್ನಷ್ಟೇ ತರುವ ಮನೆಗಳೂ ಇವೆ. ಕೋಳಿ ತರುವ ಮುಂಚೆಯೇ ಮನೆಮಂದಿಯೆಲ್ಲ ಕೂತು ಮಾತಾಡಬೇಕಾದ ವಿಷಯವಿದು.

ಮೇವು, ಮರಿ, ಗೊಬ್ಬರ ಎಲ್ಲವೂ ಹಿತ್ತಲಲ್ಲೇ ಹೊಂದಿಕೆಯಾಯಿತು ಅನ್ನೋಣ. ಆದರೂ ಒಂದನ್ನು ಯಾವ ಹಿತ್ತಲಲ್ಲೂ ಬೆಳೆಯಲಾಗದು, ಅದು ಲಸಿಕೆ. ಕೊಕ್ಕರೆ ರೋಗ ಬಂತೆಂದರೆ ಗೂಡಿಗೆ ಗೂಡೇ ಖಾಲಿಯಾಗಬಹುದು. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ 1920ರ ದಶಕದಲ್ಲಿ ಕಾಣಿಸಿಕೊಂಡದ್ದರಿಂದ ಅದಕ್ಕೆ ರಾಣಿಖೇತ್ ರೋಗ ಎಂದೂ ಹೆಸರು. ಬಂದ ಮೇಲೆ ಔಷಧಿಯಿಲ್ಲ, ಬರದಂತೆ ಲಸಿಕೆಯಿದೆ. ಹೂಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರವಾದಾಗ ಚುಚ್ಚುಮದ್ದು. ಕೋಳಿಗಳು ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸತ್ತರೆ ನೀವು ಮುಟ್ಟಬೇಡಿ, ದೊಡ್ಡವರಿಗೆ ಹೇಳಿ ಪಶು ಆಸ್ಪತ್ರೆಗೆ ತಿಳಿಸಿ.

ಈ ಲಸಿಕೆ ಸಣ್ಣ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ, ಮಂಜುಗಡ್ಡೆಯ ಡಬ್ಬಿಯಲ್ಲೇ ತರಬೇಕು. ಒಂದು ಸೀಸೆಯೆಂದರೆ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು. ನೀರಿನಂಥ ದ್ರಾವಣದಲ್ಲಿ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ನಾಳೆಗೆ ಎತ್ತಿಡುವಂತಿಲ್ಲ. ಹನ್ನೆರಡು ಹೇಂಟೆಯ ಮನೆಯವರು ಸೀಸೆ ಒಡೆದರೆ ಮಿಕ್ಕದ್ದೆಲ್ಲ ದಂಡ. ಪಕ್ಕದ ಮನೆಯ ಕೋಳಿಗೆ ಲಸಿಕೆಯಿಲ್ಲದಿದ್ದರೆ ಬೇಲಿ ಹಾರಿ ಬರುವ ರೋಗವೂ ತಪ್ಪದು. ಅದಕ್ಕೇ ತಿಳಿದವರು ಹಿಂದಿನ ದಿನವೇ ಬೀದಿಯಲ್ಲೆಲ್ಲ ಹೇಳಿ ಬರುತ್ತಾರೆ: "ನಾಳೆ ಬೆಳಗ್ಗೆ ಕೋಳಿ ಬಿಡಬೇಡಿ ಅಕ್ಕಾ, ಡಾಕ್ಟ್ರು ಬರ್ತಾರೆ." ಬೆಳಕು ಹರಿಯುವ ಮೊದಲು ಗೂಡಿನಲ್ಲಿರುವಾಗಲೇ ಹಿಡಿಯುವುದು ಸುಲಭ. ಒಬ್ಬರು ರೆಕ್ಕೆ ಒತ್ತಿ ಹಿಡಿದುಕೊಳ್ಳಬೇಕು, ಒಬ್ಬರು ಮದ್ದು ಹಾಕಬೇಕು, ಯಾವ ಮನೆಯ ಎಷ್ಟು ಕೋಳಿಗೆ ಆಯಿತು ಎಂದು ಒಬ್ಬರು ಬರೆದುಕೊಳ್ಳಬೇಕು. ಬರೆದುಕೊಳ್ಳುವ ಕೆಲಸವನ್ನು ನೀವು ಕೇಳಿ ಪಡೆಯಬಹುದು.